ಎಡಗಡೆ ಸೀಟಿನಲ್ಲಿದ್ದವನು

ಬೆಳಿಗ್ಗೆ ಹತ್ತೂವರೆಗೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಆಕೆಯ ಗಂಡನಿಗೆ, ನಿವೃತ್ತ ಮೇಷ್ಟ್ರಿಗೆ, ಅಂಚೆ ಕಚೇರಿ ತಿರುವಿನಲ್ಲಿ ಕಾರೊಂದು ಗುದ್ದಿ ನಿಲ್ಲದೆ ಓಡಿಹೋಗಿತ್ತು. ಕಾಲು ಮುರಿದಿದೆ, ಜೀವಕ್ಕೆ ಅಪಾಯವಿಲ್ಲ. ಇನ್‌ಸ್ಪೆಕ್ಟರಮ್ಮ ಎಫ್‌ಐಆರ್ ದಾಖಲಿಸಿ, ಪೇದೆಯೊಂದಿಗೆ ಸ್ಥಳ ಪಂಚನಾಮೆಗೆ ಹೊರಟರು. ಒಡೆದ ದೀಪದ ಗಾಜು ಸಿಕ್ಕಿತು.

ವಾಪಸು ಬರುವಷ್ಟರಲ್ಲಿ ಡ್ರೈವಿಂಗ್ ಸ್ಕೂಲಿನ ಯಜಮಾನ ಠಾಣೆಯಲ್ಲಿ ಕೈಕಟ್ಟಿ ನಿಂತಿದ್ದ. ಹೊರಗೆ ದೀಪ ಒಡೆದ ಅವನ ಕಾರು.

"ಕಾರಲ್ಲಿ ಯಾರ್ಯಾರಿದ್ರು?"

"ನಾನೊಬ್ನೇ ಮೇಡಂ. ನಾನೇ ಓಡಿಸ್ತಿದ್ದೆ."

"ಊರಿಗೆಲ್ಲ ಗಾಡಿ ಕಲಿಸೋನು, ಗುದ್ದಿ ಓಡಿಹೋದ್ಯಾ?"

ಕೇಸು ತಾನಾಗಿಯೇ ನಡೆದು ಬಂತೆಂದು ಪೇದೆ ಹಿಗ್ಗಿದ. ಇನ್‌ಸ್ಪೆಕ್ಟರಮ್ಮನಿಗೆ ಮಾತ್ರ ಅದು ಗಂಟಲಲ್ಲಿ ಇಳಿಯಲಿಲ್ಲ. ಆಸ್ಪತ್ರೆಗೆ ಹೋದರು.

"ಗುದ್ದೋ ಮೊದ್ಲು ಕಾರೊಳಗೆ ಯಾರೋ 'ಬ್ರೇಕ್ ಒತ್ತಿ ಸಾರ್' ಅಂತ ಕಿರುಚಿದ್ರಮ್ಮ," ಎಂದರು ಮೇಷ್ಟ್ರು.

ತನಗೆ ತಾನೇ ಸಾರ್ ಎಂದುಕೊಳ್ಳುವ ಡ್ರೈವರನ್ನು ಇನ್‌ಸ್ಪೆಕ್ಟರಮ್ಮ ತಮ್ಮ ಸರ್ವಿಸಿನಲ್ಲೇ ಕಂಡಿರಲಿಲ್ಲ. ಎಷ್ಟು ಕೇಳಿದರೂ ಯಜಮಾನ 'ನಾನೊಬ್ನೇ' ಎಂಬ ಮಾತು ಬದಲಿಸಲಿಲ್ಲ.

ಮರುದಿನ ಕೋರ್ಟಿನಲ್ಲಿ ಅವನ ಪರ ನಿಂತವರು ವಾಯಿದೆ ವಕೀಲರು. ಟ್ರಾಫಿಕ್ ಕೇಸುಗಳಲ್ಲಿ ವಾಯಿದೆ ಮೇಲೆ ವಾಯಿದೆ ಕೇಳಿ ಆ ಹೆಸರು ಸಂಪಾದಿಸಿದವರು. ಅವತ್ತು ಕೇಳಲಿಲ್ಲ. ಚಾರ್ಜ್‌ಶೀಟ್ ಬಂದ ದಿನವೇ ಕಕ್ಷಿದಾರ ತಪ್ಪೊಪ್ಪಿಕೊಳ್ಳುತ್ತಾನೆ ಎಂದರು. ಜಾಮೀನೂ ಸಿಕ್ಕಿತು. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ವಾದ ಮಾಡಿ ಪಳಗಿದ ನಾಲಿಗೆ ಕೇಳಬೇಕಲ್ಲ.

"ಸ್ವಾಮಿ, ನನ್ನ ಕಕ್ಷಿದಾರ ಕಟುಕನಲ್ಲ. ಆ ಕ್ಷಣ ಬಲಗೈ ಚಾಚಿ ಸ್ಟೀರಿಂಗ್ ಎಳೆಯದಿದ್ದರೆ ಮೇಷ್ಟ್ರ ಪ್ರಾಣವೇ ಹೋಗ್ತಿತ್ತು!"

ಇನ್‌ಸ್ಪೆಕ್ಟರಮ್ಮನ ಕಿವಿ ನೆಟ್ಟಗಾಯಿತು. ಸ್ಟೀರಿಂಗ್ ಮುಂದೆಯೇ ಕೂತವನು ಅದಕ್ಕೆ ಕೈ ಚಾಚುವುದೇಕೆ? ಬಲಗೈ ಚಾಚಬೇಕಾದವನು ಎಡಗಡೆ ಸೀಟಿನಲ್ಲಿದ್ದವನು.

ಹೊರಗೆ ವರಾಂಡದಲ್ಲಿ ಇಬ್ಬರನ್ನೂ ತಡೆದು ನಿಲ್ಲಿಸಿದರು.

"ಕೈ ಚಾಚಿದ್ದು ಇವನ ಹೇಳಿಕೇಲಿ ಇಲ್ಲ. ನಿಮಗೆ ಹೇಗೆ ಗೊತ್ತು?"

"ಕಕ್ಷಿದಾರ ವಕೀಲನಿಗೆ ಹೇಳಿದ್ದು ಗುಟ್ಟು. ನೀವು ಕೇಳೋ ಹಾಗಿಲ್ಲ."

ಇನ್‌ಸ್ಪೆಕ್ಟರಮ್ಮ ಯಜಮಾನನತ್ತ ತಿರುಗಿದರು. "ತಪ್ಪೊಪ್ಕೊಂಡ್ರೆ ನಿನ್ನ ಲೈಸೆನ್ಸಿಗೇ ಕುತ್ತು. ಆಮೇಲೆ ಸ್ಕೂಲ್ ಹೇಗೆ ನಡೆಸ್ತೀಯ?"

ಅವನು ವಕೀಲರತ್ತ ತಿರುಗಿದ. "ದಂಡ ಕಟ್ಟಿದ್ರೆ ಮುಗೀತು ಅಂದ್ರಲ್ಲ ಸಾರ್! ಹಿಂದೆ ನನ್ನ ಕೇಸ್ ಗೆಲ್ಸಿಕೊಟ್ರಿ ಅಂತ ನಿಮ್ಮ ತಪ್ಪು ಹೊತ್ಕೊಂಡೆ. ಹೊಟ್ಟೆಪಾಡಿಗೇ ಕಲ್ಲು ಹಾಕ್ತೀರಾ?"

ವಕೀಲರು ಬೆಂಚಿನ ಮೇಲೆ ಕುಸಿದರು. "ಹೂಂ, ಓಡಿಸ್ತಿದ್ದೋನು ನಾನೇ. ಬ್ರೇಕ್ ಅಂತ ಆಕ್ಸಿಲರೇಟರ್ ಒತ್ತಿಬಿಟ್ಟೆ," ಎಂದರು.

ಅಂದೇ ಅವರ ಬಂಧನವಾಯಿತು. ಲೈಸೆನ್ಸಿಲ್ಲದವರಿಗೆ ಗಾಡಿ ಕೊಟ್ಟಿದ್ದಕ್ಕೆ, ಸುಳ್ಳು ಹೇಳಿದ್ದಕ್ಕೆ ಯಜಮಾನನ ಮೇಲೂ ಬೇರೆ ಕೇಸಾಯಿತು. ಗುದ್ದಿದವನೆಂಬ ಹಣೆಪಟ್ಟಿ ಕಳಚಿತೆಂದು ಅವನು ಠಾಣೆಯಲ್ಲೇ ಅತ್ತು, ನಕ್ಕು, ಪೇದೆಯ ಕೈ ಕುಲುಕಿದ.

"ಜೀವನವಿಡೀ ಡ್ರೈವರುಗಳ ಪರ ವಾದ ಮಾಡ್ದೆ, ಕ್ಲಚ್ ಯಾವ್ದು ಅಂತ ಗೊತ್ತಿರಲಿಲ್ಲ," ಎಂದರು ವಕೀಲರು. "ಕಲಿಯೋರ ಲೈಸೆನ್ಸಿಗೆ ನನ್ನ ಕಕ್ಷಿದಾರರ ಜೊತೆ ಸಾಲಲ್ಲಿ ನಿಲ್ಲೋಕೆ ನಾಚಿಕೆಯಾಯ್ತು. ಮೇಷ್ಟ್ರು ಉಳಿದ್ರಲ್ಲ, ಸಾಕು."

ನ್ಯಾಯಾಧೀಶರ ಮುಂದೆ ಹಾಜರುಪಡಿಸಿದಾಗ ಅವರ ಕಿರಿಯ ವಕೀಲೆ ಅಭ್ಯಾಸಬಲದಿಂದ ವಾಯಿದೆ ಕೇಳಲು ಎದ್ದಳು.

"ಬೇಡಮ್ಮಾ," ಎಂದರು ಅವರು. "ಕೂತ್ಕೋ."