ಒಂದು ದಿನ ಹೆಚ್ಚಾದ ಫೆಬ್ರವರಿ

“ಪ್ರೂಫ್‌ಗೆ ಸಹಿ ಹಾಕಿದ್ದು ನಾನು! ಮೊದಲು ನನಗೆ ಹೇಳಬೇಕಿತ್ತು. ನೇರ ಯಜಮಾನರ ಹತ್ತಿರ ಹೋಗಿ ಚಾಡಿ ಹೇಳಿದ್ರಾ?”

ಮುದ್ರಣ ಯಂತ್ರದ ಗದ್ದಲವನ್ನೂ ಮೀರಿಸಿತ್ತು ಅವಳ ದನಿ.

ಅವನು ಯಂತ್ರ ನಿಲ್ಲಿಸಿದ. ಕೈಯ ಮಸಿಯನ್ನು ಬಟ್ಟೆಗೆ ಒರೆಸಿಕೊಂಡ.

“ಹೇಳಿದೆ.”

ಅಷ್ಟೇ! ಪ್ರೆಸ್ಸಿನವರು ಅವನಿಗೆ ‘ಮೌನಿ’ ಅಂತ ಸುಮ್ಮನೆ ಹೆಸರಿಟ್ಟಿರಲಿಲ್ಲ. ಅವಳ ಕಣ್ಣು ತುಂಬಿ ಬಂತು. ಮೂರು ತಿಂಗಳಿಂದ ಕದ್ದು ಕದ್ದು ನೋಡಿದ್ದು ಇಂಥವನನ್ನಾ...

ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಕನ್ನಡಕ’ ಅಂತ. ಹೊಸ ವರ್ಷದ ಕ್ಯಾಲೆಂಡರಿನ ಪ್ರೂಫ್ ತಿದ್ದುವುದು, ಪ್ರತಿ ತಿಂಗಳ ಕೆಳಗೆ ಅದರ ಬಗ್ಗೆ ನಾಲ್ಕು ಸಾಲು ಬರೆಯುವುದು ಅವಳ ಕೆಲಸ. ಈ ಸಲ ಕಳೆದ ಅಧಿಕ ವರ್ಷದ ಲೆಕ್ಕವೇ ಉಳಿದುಹೋಗಿ ಫೆಬ್ರವರಿಗೆ ಇಪ್ಪತ್ತೊಂಬತ್ತು ದಿನ ಬಿದ್ದಿತ್ತು. ಬೇಕಿದ್ದದ್ದು ಇಪ್ಪತ್ತೆಂಟು. ಎರಡು ಸಾವಿರ ಪ್ರತಿ ಅಚ್ಚಾಗಿತ್ತು.

ಯಜಮಾನರು ಈಗ ಕರೀತಾರೆ, ಆಮೇಲೆ ಕರೀತಾರೆ ಅಂತ ಎರಡು ದಿನ ಉಸಿರು ಬಿಗಿಹಿಡಿದು ಕೂತಳು. ಕರೆಯಲೇ ಇಲ್ಲ. ಮೌನಿ ಎದುರಾದರೆ ಮುಖ ತಿರುಗಿಸಿದಳು.

ಮೂರನೇ ದಿನ ಬೈಂಡಿಂಗ್ ವಿಭಾಗದ ದೊಡ್ಡಮ್ಮ ಪಕ್ಕದಲ್ಲಿ ಬಂದು ಕೂತರು.

“ಸೋಮವಾರದಿಂದ ಮೌನಿ ಬರಲ್ಲ ಕಣೇ, ಯಜಮಾನರು ಕೆಲಸದಿಂದ ತೆಗೆದ್ರಂತೆ. ನೀನು ಸರಿಯಾಗೇ ತಿದ್ದಿದ್ದೆಯಂತೆ, ತಿದ್ದೋ ಮುಂಚಿನ ಹಳೇ ಪ್ಲೇಟ್ ಯಂತ್ರಕ್ಕೆ ಹಾಕಿದ್ದು ತಾನೇ ಅಂತ ಒಪ್ಪಿಕೊಂಡನಂತೆ.”

ಅವಳು ಕನ್ನಡಕ ತೆಗೆದಳು. ನನ್ನ ತಪ್ಪನ್ನ ತಮ್ಮ ತಲೆ ಮೇಲೆ ಹೊತ್ಕೊಂಡ್ರಾ? ನಾನು ಚಾಡಿಕೋರ ಅಂದೆನಲ್ಲ...

ಕೆಲಸ ಹೋದರೆ ಅಮ್ಮನ ಔಷಧಿ ಹೇಗೆ? ಆದರೂ ಎದ್ದು ಯಜಮಾನರ ಕೋಣೆಗೆ ಹೋದಳು.

“ಸಾರ್, ತಪ್ಪು ನನ್ನದು. ಅವತ್ತು ಆಸ್ಪತ್ರೆಯಿಂದ ನೇರ ಬಂದಿದ್ದೆ. ಅಮ್ಮ ಕಣ್ಣು ಬಿಟ್ಟಿರಲಿಲ್ಲ. ಓದದೆ ಸಹಿ ಹಾಕಿಬಿಟ್ಟೆ.”

ಯಜಮಾನರು ತಲೆ ಕೆರೆದುಕೊಂಡರು. “ತಪ್ಪು ನಂದಲ್ಲ ಅಂತ ಜಗಳ ಆಡೋರನ್ನ ನೋಡಿದ್ದೀನಿ. ನಂದು ನಂದು ಅಂತ ಕಿತ್ತಾಡೋರನ್ನ ಇದೇ ಮೊದಲು ನೋಡ್ತಿರೋದು! ಹೋಗಿ, ಇಬ್ಬರೂ ಕೂತು ಎರಡು ಸಾವಿರ ಪ್ರತಿಯಲ್ಲೂ ಆ ಇಪ್ಪತ್ತೊಂಬತ್ತರ ಮೇಲೆ ಬಿಳಿ ಚೀಟಿ ಅಂಟಿಸಿ. ಅವನು ಎಲ್ಲಿಗೂ ಹೋಗೋದು ಬೇಡ. ನೀನು ನೋಡಿದ ಪ್ರೂಫನ್ನ ಇನ್ನು ಆರು ತಿಂಗಳು ಇನ್ನೊಬ್ಬರೂ ನೋಡ್ತಾರೆ. ಆಯ್ತಾ?”

ಮರುದಿನ ಮಧ್ಯಾಹ್ನ ಉದ್ದನೆಯ ಮೇಜಿನ ಆಚೆ ಅವನು, ಈಚೆ ಅವಳು. ನಡುವೆ ಅಂಟಿನ ಡಬ್ಬಿ.

“ಯಾಕೆ ಸುಳ್ಳು ಹೇಳಿದ್ರಿ?”

ಅವನು ಚೀಟಿ ಒತ್ತುತ್ತಲೇ ಹೇಳಿದ. “ನೀವು ಸಹಿ ಮಾಡಿದ ಹಾಳೆ ಒದ್ದೆಯಾಗಿತ್ತು. ಅತ್ತಿದ್ದೀರಿ ಅಂತ ಗೊತ್ತಾಯ್ತು. ಫೆಬ್ರವರಿಯ ಕೆಳಗೆ ನೀವು ಬರೆದದ್ದನ್ನೂ ಓದಿದೆ.”

ಅವಳು ಬಗ್ಗಿ ನೋಡಿದಳು. ‘ಫೆಬ್ರವರಿ ಎಂಬ ಹೆಸರಿನ ಮೂಲದಲ್ಲಿರುವುದು ಶುದ್ಧಿ. ಬಹಳ ಹಿಂದೆ ವರ್ಷ ಮುಗಿಯುತ್ತಿದ್ದದ್ದೇ ಈ ತಿಂಗಳಲ್ಲಿ. ಹೊಸ ವರ್ಷ ಹುಟ್ಟುವ ಮೊದಲು ಜನ ಹಳೆಯ ಕೊಳೆ ಕಳೆದುಕೊಳ್ಳುತ್ತಿದ್ದರು.’

“ಇಷ್ಟು ಚೆನ್ನಾಗಿ ಬರೆಯೋರಿಗೆ ಬೈಗುಳ ಬೀಳೋದು ನನಗೆ ಬೇಡವಾಗಿತ್ತು,” ಅಂದ.

“ನಾನೇ ನಿಮಗೆ ಬೈದೆನಲ್ಲ... ಆ ಕೊಳೆ ಹೇಗೆ ತೊಳ್ಕೊಳ್ಳಲಿ?”

“ಬೈದಾದ್ರೂ ಮಾತಾಡಿಸಿದ್ರಲ್ಲ!” ಅವನು ಮೊದಲ ಸಲ ನಕ್ಕ. “ಅಮ್ಮ ಹೇಗಿದ್ದಾರೆ?”

“ಮನೆಗೆ ಬಂದಿದ್ದಾರೆ. ಯಾಕೆ ಮಂಕಾಗಿದ್ದೀಯ, ಯಾರ ಜೊತೆಗಾದ್ರೂ ಜಗಳವಾ ಅಂದ್ರು.”

“ಏನಂದ್ರಿ?”

ಅವಳ ಬೆರಳು ಚೀಟಿಯ ಮೇಲೇ ನಿಂತಿತು.

“ಜಗಳ ಅಲ್ಲಮ್ಮ, ಪ್ರೀತಿ ಅಂದೆ.”

ಅಂಟಿನ ಕುಂಚ ಅವನ ಕೈಯಿಂದ ಜಾರಿತು.

“ನನಗೂ...” ಕುಂಚ ಎತ್ತಿಕೊಂಡ. “ನನಗೂ ಮೂರು ತಿಂಗಳಿಂದ ಅದೇ. ಅಮ್ಮ... ಏನಂದ್ರು?”

“ಕರ್ಕೊಂಡು ಬಾ, ನೋಡೋಣ ಅಂದ್ರು. ನಾಳೆ ಬರ್ತೀರಾ?”

“ಇವತ್ತೇ ಬರ್ತೀನಿ.”