ಹೊಸ್ತಿಲು ದಾಟಿದ ಕ್ಲಾರ್ನೆಟ್

"ನನ್ನ ಹಳೇ ಹಲ್ಲು ತಿರುಗಿ ಕೊಡ್ರಿ!"

ಬನಶ್ರೀ ಗಜೇಂದ್ರಗಡದ ಆ ಪುಟ್ಟ ಹಲ್ಲಿನ ದವಾಖಾನೆಗೆ ನುಗ್ಗಿ ಹೀಗಂದಾಗ ಡಾಕ್ಟರ್ ಅರುಣಕುಮಾರ ಚಹಾದ ಕಪ್ಪು ಹಿಡಿದು ನಿಂತಿದ್ದ. ಮೊನ್ನೆ ತಾನೇ ಆಕೆಯ ಮುರಿದ ಮುಂದಿನ ಹಲ್ಲನ್ನು ಕಟ್ಟಿ, ಪಕ್ಕದ್ದಕ್ಕೆ ಸರಿಸಮ ತೀಡಿ, ಕನ್ನಡಿ ಹಿಡಿದು "ನಗ್ರಿ" ಅಂದಿದ್ದ. ಆಕೆ ನಕ್ಕಾಗ ಅವನ ಕೈಯಲ್ಲಿನ ಕನ್ನಡಿ ಅಲುಗಿದ್ದು ಬನಶ್ರೀಗೆ ಇನ್ನೂ ನೆನಪಿತ್ತು. ಸಿಟ್ಟಿನ ನಡುವೆಯೂ ನೆನಪಿತ್ತು.

"ಚಂದ ಆಗೇತಲ್ರಿ?"

"ಚಂದ ತಗೊಂಡು ಏನ್ ಮಾಡ್ಲಿ? ಊದಿದ್ರ ಕೀರ್ ಅಂತೈತಿ. ನಾಡಿದ್ದ ನರಗುಂದದಾಗ ಮೆರವಣಿಗಿ. ಹೆಣ್ಣಿನ ಕೈಯಾಗ ಕ್ಲಾರ್ನೆಟ್ ಯಾಕ ಅನ್ನೋರು ಕಾಯ್ಕೊಂತ ಕುಂತಾರ. ಕಸಗೊಂಡ ಬಿಡ್ತಾರ."

"ಕ್ಲಾರ್ನೆಟ್? ಬ್ಯಾಂಡಿನ್ಯಾಗ ಅದೀನಿ ಅಂದ್ರಿ, ಹಾಡ್ತೀರಿ ಅನ್ಕೊಂಡೆ. ವಾದ್ಯ ಎಲ್ಲೈತಿ?"

"ಹೊರಗ, ಬಾಗಲ ಮುಂದಿನ ಪಾವಟಿಗಿ ಮ್ಯಾಲ."

"ಹೊರಗ್ಯಾಕ?"

ಬನಶ್ರೀ ಅವನನ್ನು ದಿಟ್ಟಿಸಿದಳು. ಯಾಕಂತೆ! ಯಾರ ಮನೆಗೆ ಹೋದರೂ ವಾದ್ಯ ಹೊಸ್ತಿಲಾಚೆ, ಚಪ್ಪಲಿಯ ಪಕ್ಕ. ಅಪ್ಪ ಹುಚ್ಚಪ್ಪ ಕ್ಲಾರ್ನೆಟ್ಟಿಗೂ ಮೊದಲು ಕಲಿಸಿದ್ದು ಅದನ್ನೇ. ಮದುವೆಯಲ್ಲಿ ಅಕ್ಕಿಕಾಳು ಬೀಳುವಾಗ ಊದಬೇಕು, ಊಟಕ್ಕೆ ಹಂದರದ ಹೊರಗೆ ಕಾಯಬೇಕು. ಬೆಳವಣಕಿಯ ಮೆರವಣಿಗೆಯಲ್ಲಿ ಕುಣಿಯುವವನ ಮೊಣಕೈ ವಾದ್ಯಕ್ಕೆ ಬಡಿದು ಆಕೆಯ ಹಲ್ಲು ಮುರಿದಾಗ ಯಾರೂ ನೀರು ಕೊಡಲಿಲ್ಲ. "ನಿಲ್ಲಸಬ್ಯಾಡ್ರಿ, ಬಾರಸ್ರಿ" ಅಂದರು. ಅಪ್ಪನ ಹಲ್ಲುಗಳೂ ಒಂದೊಂದಾಗಿ ಹೋಗಿ, ಈಗ ಅವನು ಬರೀ ಡೋಲು ಬಡಿಯುತ್ತಾನೆ. ಊರಿಗೆಲ್ಲ ಸಂಭ್ರಮ ಊದಿದ ಬಾಯಿ ಹೇಗಿದೆ ಅಂತ ಯಾವ ಊರೂ ಕೇಳಲಿಲ್ಲ.

ಇದನ್ನೆಲ್ಲ ಆಕೆ ಉಸಿರು ತಿರುಗಿಸದೆ ಹೇಳಿದಳು. ಅರುಣಕುಮಾರ ಕಪ್ಪು ಕೆಳಗಿಟ್ಟ. ಹೊರಗೆ ಹೋಗಿ ವಾದ್ಯದ ಪೆಟ್ಟಿಗೆಯನ್ನು ಎರಡೂ ಕೈಯಿಂದ ಎತ್ತಿಕೊಂಡು ಒಳಗೆ ಬಂದ.

"ಬಾಯಿ ನೋಡಿದೆ, ಆ ಬಾಯಿ ಏನ್ ಕೆಲಸಾ ಮಾಡ್ತೈತಿ ಅಂತ ಕೇಳಲಿಲ್ಲ. ನನ್ನ ತಪ್ಪ. ಕುಂದರ್ರಿ, ಊದ್ರಿ."

"ಇಲ್ಲೇ? ಈ ಕುರ್ಚಿ ಮ್ಯಾಲ?"

"ಇಲ್ಲೇ."

ಹಲ್ಲಿಗೂ ಕ್ಲಾರ್ನೆಟ್ಟಿನ ಮೂತಿಗೂ ನಡುವೆ ಅವನು, ಒತ್ತಿದಲ್ಲಿ ಬಣ್ಣ ಹತ್ತಿಸುವ ನೀಲಿ ಕಾಗದದ ಚೂರು ಇಟ್ಟ. ಆಕೆ ಊದಿದಳು. ಕೀರ್!

ಹಲ್ಲುನೋವಿಗೆ ಬಂದು, ಬಾಗಿಲ ಬಳಿ ಗಲ್ಲ ಹಿಡಿದು ಸರದಿ ಕಾಯುತ್ತಿದ್ದ ನೀಲವ್ವ ಬೆಚ್ಚಿದಳು. "ಯವ್ವಾ! ನನ್ನ ಹಲ್ಲು ತಾನ ಉದುರೀತಲ್ಲ!"

ನೀಲಿ ಹತ್ತಿದ ಜಾಗ ಹೇಳಿತು: ಹೊಸ ಹಲ್ಲು ಕೂದಲೆಳೆಯಷ್ಟು ಉದ್ದ. ಅವನು ಬಾಗಿ ತೀಡಿದ. "ನಮ್ಮವ್ವ ಮಗ್ಗದಾಗ ಒಂದ ಎಳಿ ಹರದ್ರೂ ಸಪ್ಪಳದಾಗ ಹಿಡೀತಾಳ. ನಾನೂ ಆಕಿ ಮಗಾನ. ಮತ್ತೊಮ್ಮಿ ಊದ್ರಿ."

"ಡಾಕ್ಟರ್ರ, ಹಲ್ಲ ನೋಡ್ರಿ. ತುಟಿ ಅಲ್ಲ."

ಅವನ ಕಿವಿ ಕೆಂಪಾದವು. "ತುಟಿಗೆ ನೀಲಿ ಹತ್ತೇತ್ರಿ."

"ಹತ್ತಲಿ. ಒರಸೂ ಧೈರ್ಯ ಐತೇನು?"

ಅವನು ಹತ್ತಿ ಚಾಚಿದ. ತುಟಿಯ ಹತ್ತಿರ ತಂದು, ಆಕೆಯ ಕೈಗೇ ಕೊಟ್ಟ. ಆಕೆ ತಾನೇ ಒರೆಸಿಕೊಂಡು ಮತ್ತೆ ಊದಿದಳು. ಈ ಸಲ ಕ್ಲಾರ್ನೆಟ್ ಬಾಯ್ತುಂಬ ಹಾಡಿತು. ನೀಲವ್ವ ಗಲ್ಲದ ಮೇಲಿನ ಕೈ ತೆಗೆದಳು. ಪಕ್ಕದ ನೇಕಾರರ ಓಣಿಯಲ್ಲೊಂದು ಮಗ್ಗ, ಹಾಡು ಕೇಳಲೆಂಬಂತೆ, ಸುಮ್ಮನಾಯಿತು.

"ಊದಿದ ಮ್ಯಾಲ ನೀರಿಲೆ ಬಾಯಿ ಮುಕ್ಕಳಿಸ್ರಿ," ಅಂದ ಅರುಣಕುಮಾರ, ಎಲ್ಲೋ ನೋಡುತ್ತ. "ಅಪ್ಪಾರನ್ನೂ ಕರಕೊಂಡ ಬರ್ರಿ. ನೀವು ಆರು ತಿಂಗಳಿಗೊಮ್ಮೆ ತೋರಸಬೇಕು."

"ಆರು ತಿಂಗಳಾ? ಭಾಳ ದೂರಾತು."

ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡಳು. ಅವನು ನೇರ ನೋಡಿದ. "ಮೊನ್ನಿ ನೀವು ನಕ್ಕು ಹೋದ ಸಂಜೀನ ಅವ್ವಗ ಹೇಳೇನಿ. ಮದುವಿ ಆದ್ರ ಇಂಥಾಕಿನ್ನ ಅಂತ."

ಬನಶ್ರೀಯ ಎದೆ ಡೋಲಾಯಿತು. ಆದರೂ ಕೇಳಬೇಕಾದ್ದನ್ನು ಕೇಳಿದಳು. "ನನ್ನ ಮದುವ್ಯಾಗ ನಾನ ಊದಾಕಿ. ಆವಾಗ ನಮ್ಮ ಬ್ಯಾಂಡಿನವ್ರು ಎಲ್ಲಿ ನಿಂದರ್ತಾರ? ಹಂದರದ ಹೊರಗೋ, ಒಳಗೋ?"

"ಒಳಗ. ಮೊದಲ ಪಂಕ್ತಿಯಾಗ ಉಂಡು, ಆಮ್ಯಾಲ ಬಾರಸ್ತಾರ."

ಆಕೆ ನಕ್ಕಳು, ತುಸು ಗಿಡ್ಡಾದ ಆ ಹಲ್ಲು ಕಾಣುವಂತೆ. ಎದ್ದು ಬಾಗಿಲತ್ತ ನಡೆದಳು.

"ಕ್ಲಾರ್ನೆಟ್ ಬಿಟ್ಟ ಹೊಂಟ್ರಿ!"

"ಅಪ್ಪಗ ಫೋನ್ ಹಚ್ಚಿ ಬರ್ತೀನಿ," ಅಂದಳು ಬನಶ್ರೀ, ಪಾವಟಿಗೆಯ ಮೇಲೆ ನಿಂತು. "ಅದು ಒಳಗ ಇರಲಿ."