ಜೀರ್ಜಿಂಬೆ ರೆಕ್ಕೆಯ ಅಂಗಿ

ಬಹಳ ಬಹಳ ಹಿಂದೆ, ಮರಗಳು ದಾರಿ ಹೇಳುತ್ತಿದ್ದ ಕಾಲದಲ್ಲಿ, ಜಾಲಿಗೇರಿ ಎಂಬ ರಾಜ್ಯವಿತ್ತು. ಅಲ್ಲಿನ ಕಾಡಿನ ನಡುವೆ ಜಕ್ಕಾಯಿ ಎಂಬ ಮಾಯಗಾತಿ ಇದ್ದಳು. ಜೀರ್ಜಿಂಬೆಯ ಮಿರಿಮಿರಿ ಹಸಿರು ರೆಕ್ಕೆಗಳನ್ನು ಬಟ್ಟೆಗೆ ಹೊಲಿದು ಹೂಬಳ್ಳಿ ಬಿಡಿಸುವ ಹಳೆಯ ಕಸೂತಿ ಅವಳೊಬ್ಬಳಿಗೇ ಗೊತ್ತಿತ್ತು. ಕಲಿಯಲು ಹೋದವರೇನೋ ಬಹಳ ಮಂದಿ. ತಿರುಗಿ ಬಂದವರು ಒಬ್ಬರೂ ಇಲ್ಲ!

ಸಿಂಪಿಗರ ಬಾಳವ್ವನ ಅಣ್ಣ ಭರಮಣ್ಣ ಯುಗಾದಿ ಮುಗಿಸಿ ಕಸೂತಿ ಕಲಿಯಲು ಹೋದವನು ದೀಪಾವಳಿಯಾದರೂ ಬರಲಿಲ್ಲ. ತಂದೆತಾಯಿ ಇಲ್ಲದ ಬಾಳವ್ವನಿಗೆ ಇದ್ದವನು ಅವನೊಬ್ಬನೇ. ಬುತ್ತಿ ಕಟ್ಟಿಕೊಂಡು ಹೊರಟೇಬಿಟ್ಟಳು.

“ನಮ್ಮಣ್ಣ ಎಲ್ಲಿದಾನ್ರಿ?” ಎಂದು ಜಕ್ಕಾಯಿಯನ್ನು ಕೇಳಿದಳು.

“ಮೊದಲು ಕಸೂತಿ ಕಲಿ. ಕಲಿತ ಮ್ಯಾಲೆ ನಿಮ್ಮಣ್ಣನ್ನ ನಿನ್ನ ಕೈಯಾಗ ಇಡತೀನಿ,” ಎಂದಳು ಜಕ್ಕಾಯಿ.

ಮೊದಲನೆಯ ಕೆಲಸ, ಜಾಲಿಮರದ ಬುಡದಲ್ಲಿ ತಾವಾಗಿ ಸತ್ತು ಬಿದ್ದ ಹುಳುಗಳ ರೆಕ್ಕೆ ಆರಿಸುವುದು. ಮೈತುಂಬ ಮುಳ್ಳಿದ್ದ ತೋಳವೊಂದು ಅಲ್ಲಿ ಕಾವಲಿತ್ತು. ಜೀವವಿದ್ದ ಹುಳು ಮುಟ್ಟಿದವರನ್ನು ಅದು ನುಂಗುತ್ತಿತ್ತು. ಬಾಳವ್ವ ಒಂದೊಂದನ್ನೂ ಊದಿ ನೋಡಿ, ಅಲುಗದಿದ್ದರಷ್ಟೇ ಎತ್ತಿಕೊಂಡಳು. ತೋಳ ಬಾಲ ಮಡಚಿ ಮಲಗಿತು.

ಎರಡನೆಯ ಕೆಲಸ, ರೆಕ್ಕೆಗಳನ್ನು ಕಡುಬಿನ ಹಾಗೆ ಹಬೆಯಲ್ಲಿ ಬೇಯಿಸಿ ಮೆತ್ತಗೆ ಮಾಡಿ ಸೂಜಿ ಹಾಕುವುದು. ಒಣ ರೆಕ್ಕೆಗೆ ಸೂಜಿ ತಾಗಿದರೆ ಟಪ್ಪೆಂದು ಸೀಳುತ್ತದೆ. ಒಂದು ರೆಕ್ಕೆ ಸೀಳಿದರೆ ಒಂದು ಬೆರಳು ಕಲ್ಲು! ಅವಸರದಲ್ಲಿ ಬಾಳವ್ವ ಮೂರು ಸೀಳಿದಳು. ಎಡಗೈಯ ಮೂರು ಬೆರಳು ಕಣ್ಣೆದುರೇ ಕಲ್ಲಾದವು. ಅವಳು ಕಿಟಾರನೆ ಕಿರುಚಿದಳು. ಆಮೇಲೆ ಒಂದೂ ಸೀಳಲಿಲ್ಲ.

ಮೂರನೆಯ ಕೆಲಸಕ್ಕೆ ಜಕ್ಕಾಯಿ ಪೆಟ್ಟಿಗೆಯೊಂದನ್ನು ತಂದಿಟ್ಟಳು. “ಇದರಾಗಿನ ರೆಕ್ಕಿ ಎಲ್ಲಾ ನನ್ನ ಅಂಗಿಗೆ ಕೂಡ್ರಸು. ಎರಡೂ ತುದಿಗೆ ಒಂದೊಂದು ತೂತು, ರೇಷ್ಮಿ ಎಳಿ.”

ಹನ್ನೊಂದು ದಿನ ಬಾಳವ್ವ ತಲೆ ಎತ್ತದೆ ಹೊಲಿದಳು. ಕೈ ಪಳಗಿತ್ತು. ತನ್ನ ಕೆಲಸ ನೋಡಿ ತಾನೇ ಹಿಗ್ಗುತ್ತಿದ್ದಳು, ಪಾಪ! ಹನ್ನೆರಡನೆಯ ದಿನ ಕೊನೆಯ ರೆಕ್ಕೆ ಎತ್ತಿಕೊಂಡು ಒಂದು ತುದಿಗೆ ಸೂಜಿ ಚುಚ್ಚಿದಳು.

“ಅಯ್ಯೋ, ತಂಗೀ!”

ಬಾಳವ್ವ ರೆಕ್ಕೆಯನ್ನು ಕಿವಿಗೆ ಹಿಡಿದಳು. ಅದು ಭರಮಣ್ಣನ ದನಿ!

“ನಾನಾ ತಂಗೀ. ಇವೆಲ್ಲಾ ಹುಳದ ರೆಕ್ಕಿ ಅಲ್ಲ, ಕಲೀಲಿಕ್ಕೆ ಬಂದು ಆಕೀ ಮಾಟಕ್ಕ ರೆಕ್ಕಿ ಆದ ಮಂದಿ. ಅಂಗಿ ಮುಗೀತಂದ್ರ ನಮ್ಮೆಲ್ಲಾರ ಆಯುಷ್ಯ ಆಕೀದಾಗತದ.”

“ಮತ್ತ ಇಷ್ಟು ದಿನ ಉಳದವರು ಯಾಕ ಸುಮ್ಮನಿದ್ರು?”

“ಸುಮ್ಮನಿರಲಿಲ್ಲವ್ವ. ನೀ ಚುಚ್ಚಿದಾಗೆಲ್ಲಾ ಕೂಗಿದ್ರು. ರಕ್ತಸಂಬಂಧ ಇದ್ದವರಿಗಷ್ಟ ಕೇಳತದ.”

ಬಾಳವ್ವ ಅಂಗಿ ಬಿಡಿಸಿ ನೋಡಿದಳು. ಅಂಗಿಯ ತುಂಬ ಅವಳೇ ಹೊಲಿದ ಬಳ್ಳಿ, ಅವಳೇ ಹೊಲಿದ ಹೂವು. ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಅಷ್ಟರಲ್ಲಿ ಜಕ್ಕಾಯಿ ಬಂದಳು. ಅಂಗಿ ಕಂಡಿದ್ದೇ ತಡ, ಕಸಿದು ತೊಟ್ಟೇಬಿಟ್ಟಳು. ಕೊನೆಯ ರೆಕ್ಕೆ ಒಂದೇ ಎಳೆಯಲ್ಲಿ ಜೋತಾಡುತ್ತಿತ್ತು.

“ಬಿಚ್ಚಿ ಕೊಡ್ರಿ, ಹೊಲೀತೀನಿ.”

“ನೂರು ವರ್ಷ ಕಾದೀನಿ, ಇನ್ನ ತಡೀಲಾರೆ. ಮೈಮ್ಯಾಲೇ ಹೊಲಿ!”

ಜಾಲಿಗೇರಿಯಲ್ಲಿ ಮೈಮೇಲಿನ ಬಟ್ಟೆ ಹೊಲಿಯುವಾಗ ತೊಟ್ಟವರು ಹುಲ್ಲುಕಡ್ಡಿ ಕಚ್ಚಿಕೊಳ್ಳಬೇಕು. ಇಲ್ಲದಿದ್ದರೆ ಬಟ್ಟೆಯ ಜೊತೆ ಅವರೂ ಹೊಲಿದುಹೋಗಿ, ಬಟ್ಟೆಯ ಮೇಲೆ ಏನಿದೆಯೋ ಅದೇ ಆಗಿಬಿಡುತ್ತಾರೆ. ಇದು ಚಿಕ್ಕ ಮಕ್ಕಳಿಗೂ ಗೊತ್ತು. ಆಸೆಯ ಭರದಲ್ಲಿ ಜಕ್ಕಾಯಿ ಮರೆತಳು. ನೆಲದ ಮೇಲೆ ಹುಲ್ಲುಕಡ್ಡಿಯೊಂದು ಬಿದ್ದಿತ್ತು. ಬಾಳವ್ವ ಅದರ ಮೇಲೆ ಪಾದ ಇಟ್ಟು ನಿಂತಳು. ಆದರೆ ಅಣ್ಣನನ್ನು ಇನ್ನೊಮ್ಮೆ ಚುಚ್ಚಬೇಕಲ್ಲ!

“ತಡಕೋ, ಅಣ್ಣಾ,” ಎಂದು ಪಿಸುಗುಟ್ಟಿ ಸೂಜಿ ಎಳೆದೇಬಿಟ್ಟಳು.

ಜಕ್ಕಾಯಿ ಕಿರುಚಲು ಬಾಯಿ ತೆರೆದಳು. ಜುಂಯ್ ಎಂಬ ಸದ್ದಷ್ಟೇ ಬಂತು. ನೋಡನೋಡುತ್ತ ಕುಗ್ಗಿ, ಹಸಿರಾಗಿ, ಜೀರ್ಜಿಂಬೆಯಾಗಿ ಕಿಟಕಿಯಿಂದ ಹಾರಿಹೋದಳು. ಅಂಗಿ ದೊಪ್ಪನೆ ಬಿತ್ತು. ಎಳೆಗಳೆಲ್ಲ ಪಟಪಟ ಹರಿದು, ಒಂದೊಂದು ರೆಕ್ಕೆಯಿಂದ ಒಬ್ಬೊಬ್ಬರು ಎದ್ದು ನಿಂತರು. ಬಾಳವ್ವನ ಬೆರಳುಗಳಿಗೆ ಜೀವ ಬಂತು.

ಭರಮಣ್ಣನೂ ಎದ್ದ. ಅವನ ಎರಡೂ ಕಿವಿಯಲ್ಲಿ ಸೂಜಿಯ ತೂತು! ಎಲ್ಲರ ಕಿವಿಯಲ್ಲೂ ಅದೇ ತೂತು. ಬಾಳವ್ವ ಒಬ್ಬೊಬ್ಬರ ಕಾಲಿಗೂ ಬಿದ್ದಳು. “ಏಳವ್ವಾ,” ಎಂದು ಅವರೇ ಎಬ್ಬಿಸಿದರು.

ಜಾಲಿಗೇರಿಯವರು ಆಮೇಲೆ ನೂರು ಕಾಲ ಸುಖವಾಗಿದ್ದರು. ಬಾಳವ್ವ ಆ ಕಸೂತಿಯನ್ನು ಊರಿಗೆಲ್ಲ ಕಲಿಸಿದಳು. ಆದರೆ ಅಲ್ಲಿ ಉದುರಿದ ರೆಕ್ಕೆಯನ್ನೂ ಯಾರೂ ನೇರ ಸೂಜಿಗೆ ಕೊಡುವುದಿಲ್ಲ. ಊರವರೆಲ್ಲ ಸುತ್ತ ಕೂರುತ್ತಾರೆ. ರೆಕ್ಕೆ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತದೆ. ಪ್ರತಿಯೊಬ್ಬರೂ ಅದನ್ನು ಕಿವಿಗೆ ಹಿಡಿದು, “ಯಾರಪ್ಪಾ ನೀನು? ನಮ್ಮವರೇನು?” ಎಂದು ಕೇಳಿ, ಸ್ವಲ್ಪ ಹೊತ್ತು ಕಾಯುತ್ತಾರೆ.